ಉಬ್ಬದ ರೊಟ್ಟಿ

ಈ ಸಲದ ಪವಿತ್ರ ಗುರುವಾರ, ಯೇಸುಸ್ವಾಮಿಯ ಕೊನೆಯ ಭೋಜನವನ್ನು ನೆನೆಯುವ ದಿನ, ಚರ್ಚಿನಲ್ಲಿ ಕಾಲಿಡೋಕೂ ಜಾಗ ಇರಲಿಲ್ಲ. ಹಿಂದಿನ ಬಾಗಿಲ ಹತ್ತಿರ ನಿಂತಿದ್ದೆ. ಮಹಿಮಾಗೀತೆಯ ಹೊತ್ತಿಗೆ ಬಾರಿಸಿದ ಗಂಟೆಗಳು ಸುಮ್ಮನಾಗಿದ್ದವು. ಈಸ್ಟರ್ ಹಿಂದಿನ ದಿನದ ಪಾಸ್ಕ ಜಾಗರಣೆಯ ರಾತ್ರಿಯವರೆಗೆ ಇನ್ನು ಅವು ಬಾಯಿ ಬಿಡುವುದಿಲ್ಲ. ಗುರುಗಳು ದೊಡ್ಡ ಒಸ್ತಿಯನ್ನು, ಅಂದರೆ ಪೂಜೆಯಲ್ಲಿ ಅರ್ಪಿಸುವ ತೆಳ್ಳಗಿನ ರೊಟ್ಟಿಯನ್ನು, ಎರಡೂ ಕೈಯಲ್ಲಿ ಹಿಡಿದು ಮುರಿದರು. ಮೈಕಿನಲ್ಲಿ ಕೇಳಿಸಿತು. ಚಟ್!

ಅಷ್ಟೇ. ನನ್ನ ಕಣ್ಣು ತುಂಬಿ ಬಂತು.

ಆ ಸದ್ದನ್ನು ಕೇಳೋದು ಕಲಿಸಿದ್ದು ನನ್ನ ಅಜ್ಜಿ. ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು, ಆ ಕ್ಷಣ ಬಂತು ಅನ್ನುವಾಗ ಮೊಣಕೈಯಲ್ಲಿ ತಿವಿಯುತ್ತಿದ್ದಳು. "ಈಗ ಕೇಳು. ಉಬ್ಬಿದ ರೊಟ್ಟಿ ಸದ್ದಿಲ್ಲದೆ ಹರಿಯುತ್ತೆ ಮಗಾ. ಹುಳಿ ಇಲ್ಲದ್ದು ಮಾತ್ರ ಹೀಗೆ ಮುರಿಯುತ್ತೆ."

ಅವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತೆ? ಸಿಸ್ಟರುಗಳು ಒಸ್ತಿ ಮಾಡುವಾಗ ಕಾನ್ವೆಂಟಿಗೆ ಕೈಜೋಡಿಸಲು ಹೋಗುತ್ತಿದ್ದಳು. ಗೋಧಿ ಹಿಟ್ಟು, ನೀರು, ಮತ್ತೇನೂ ಇಲ್ಲ. ಕಾದ ಕಬ್ಬಿಣದ ಎರಡು ಹಲಗೆಗಳ ನಡುವೆ ತೆಳ್ಳಗೆ ಬೆಂದ ಹಾಳೆಗಳು. ಕತ್ತರಿಸುವಾಗ ಪುಡಿಯಾಗದಿರಲಿ ಅಂತ ಅವನ್ನು ಸ್ವಲ್ಪ ತೇವಕ್ಕೆ ಇಡುತ್ತಿದ್ದರು. ಗುಂಡಗೆ ಕತ್ತರಿಸಿ ಉಳಿದ ಅಂಚಿನ ಚೂರುಗಳು ಕಾಗದದ ಪೊಟ್ಟಣದಲ್ಲಿ ನಮಗೆ ಬರುತ್ತಿದ್ದವು. ಉಪ್ಪಿಲ್ಲ, ಸಿಹಿಯಿಲ್ಲ. ನಾಲಿಗೆಗೆ ಅಂಟಿಕೊಂಡು ಮೆಲ್ಲಗೆ ಕರಗುತ್ತಿದ್ದವು. "ಇದು ಇನ್ನೂ ಬರೀ ರೊಟ್ಟಿ. ಆದರೂ ನೆಲಕ್ಕೆ ಬೀಳಿಸಬೇಡಿ" ಅನ್ನುತ್ತಿದ್ದಳು ಅಜ್ಜಿ.

ದೋಸೆ ಹಿಟ್ಟು ಹುಳಿ ಬರೋಕೆ ಒಂದು ರಾತ್ರಿ ಬೇಕು, ಅಲ್ವಾ? ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರಯೇಲರಿಗೆ ಆ ಒಂದು ರಾತ್ರಿ ಸಿಗಲಿಲ್ಲ. ಹುಳಿ ಬರುವ ಮೊದಲೇ ಹಿಟ್ಟನ್ನು ನಾದುವ ಪಾತ್ರೆ ಸಮೇತ ಬಟ್ಟೆಯಲ್ಲಿ ಸುತ್ತಿ, ಹೆಗಲ ಮೇಲೆ ಹೊತ್ತು ಈಜಿಪ್ಟಿನಿಂದ ಹೊರಟರು ಎನ್ನುತ್ತದೆ ಬೈಬಲಿನ ವಿಮೋಚನಾಕಾಂಡ. ದೇವರು ಬಾಗಿಲು ತೆರೆದಾಗ ಹಿಟ್ಟು ಉಬ್ಬಲಿ ಅಂತ ಕಾಯುವವರುಂಟೇ?

ಯೆಹೂದ್ಯರು ಆ ಅವಸರವನ್ನು ಇವತ್ತಿಗೂ ಬಿಟ್ಟಿಲ್ಲ. ಅವರ ಮಟ್ಸಾ ರೊಟ್ಟಿ, ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಬೇಕು. ಆ ಬಿಡುಗಡೆಯನ್ನು ನೆನೆಯುವ ಪಾಸೋವರ್ ಹಬ್ಬದ ಹಿಂದಿನ ರಾತ್ರಿ ಮೇಣದ ಬತ್ತಿ ಹಿಡಿದು, ಮನೆಯ ಮೂಲೆ ಮೂಲೆಯಲ್ಲಿ ಹುಳಿ ರೊಟ್ಟಿಯ ಚೂರು ಹುಡುಕುತ್ತಾರೆ. ಸಿಕ್ಕಿದ್ದನ್ನು ಬೆಳಿಗ್ಗೆ ಸುಡುತ್ತಾರೆ. ಹಬ್ಬದ ಊಟದಲ್ಲಿ ಮೂರು ಮಟ್ಸಾ ಇಟ್ಟು, ನಡುವಿನದನ್ನು ಮುರಿದು, ದೊಡ್ಡ ತುಂಡನ್ನು ಕೊನೆಗೆ ತಿನ್ನಲು ಎತ್ತಿಡುತ್ತಾರೆ. ಆಮೇಲೆ ಇದು ನಮ್ಮ ಹಿರಿಯರು ತಿಂದ ಸಂಕಟದ ರೊಟ್ಟಿ, ಹಸಿದವರೆಲ್ಲ ಬಂದು ಉಣ್ಣಲಿ ಎಂದು ಹೇಳುತ್ತಾರೆ. ಗುಲಾಮರ ರೊಟ್ಟಿಯೇ ಬಿಡುಗಡೆಯ ರೊಟ್ಟಿಯೂ ಹೌದು. ನನಗೆ ಇದನ್ನು ಎಷ್ಟು ನೆನೆದರೂ ಸಾಲದು.

ಯೇಸುಸ್ವಾಮಿ ಕೊನೆಯ ಭೋಜನದಲ್ಲಿ ಕೈಗೆತ್ತಿಕೊಂಡದ್ದೂ ಈ ಹಬ್ಬದ ರೊಟ್ಟಿಯನ್ನೇ. ಮತ್ತಾಯ, ಮಾರ್ಕ, ಲೂಕ ಮೂವರೂ ಹಾಗೇ ಬರೆಯುತ್ತಾರೆ. ಪೂರ್ವದ ಆರ್ಥಡಾಕ್ಸ್ ಸಭೆಗಳಲ್ಲಿ ಹುಳಿ ಹಾಕಿದ ರೊಟ್ಟಿಯನ್ನೇ ಅರ್ಪಿಸುತ್ತಾರೆ. ಪುನರುತ್ಥಾನದ ಜೀವ ಅದರಲ್ಲಿ ಉಬ್ಬಿ ಬಂದಿದೆ ಎನ್ನುತ್ತಾರೆ. ಅದಕ್ಕೂ ಕೈಮುಗಿಯುತ್ತೇನೆ. ಆದರೆ ನನ್ನ ಮನಸ್ಸು ನಿಲ್ಲುವುದು ಸಂತ ಪೌಲರು ಕೊರಿಂಥದವರಿಗೆ ಬರೆದ ಮಾತಿನಲ್ಲಿ. ಚೂರು ಹುಳಿ ಇಡೀ ಹಿಟ್ಟನ್ನೇ ಹುಳಿ ಮಾಡುತ್ತದೆ, ಹಳೆಯ ಹುಳಿ ತೆಗೆದುಹಾಕಿ ಎನ್ನುತ್ತಾರೆ. ಯಾರಾದರೂ ನಾಲ್ಕು ಮಾತು ಹೊಗಳಿದರೆ ನಾವು ಉಬ್ಬಿಹೋಗುತ್ತೇವಲ್ಲ, ಅದೇ ಆ ಹುಳಿ.

ಪರಮಪ್ರಸಾದಕ್ಕೆ, ಅಂದರೆ ಯೇಸುವಿನ ದೇಹವೆಂದು ಒಸ್ತಿ ಸ್ವೀಕರಿಸುವುದಕ್ಕೆ, ಮೊದಲು ಒಂದು ಗಂಟೆ ಉಪವಾಸ ಸಾಕು ಅಂತ 1964ರಲ್ಲೇ ನಿಯಮ ಸಡಿಲವಾಯಿತು. ಅಜ್ಜಿ ಮಾತ್ರ ಪವಿತ್ರ ಗುರುವಾರ ಬೆಳಿಗ್ಗೆಯಿಂದಲೇ ಏನೂ ಮುಟ್ಟುತ್ತಿರಲಿಲ್ಲ. ಈಗ ನಮಗೆ ಆ ಒಂದು ಗಂಟೆಯೂ ಜಾಸ್ತಿ. ಸ್ವೀಕರಿಸಿದ ಬಾಯಿ ಇನ್ನೂ ಒಣಗಿರುವುದಿಲ್ಲ, ಕೈಯಲ್ಲಿ ಮೊಬೈಲ್ ಬಂದಿರುತ್ತದೆ. ಬೇಸರವಾಗುತ್ತದೆ. ಎರಡು ನಿಮಿಷ ಸುಮ್ನೆ ಕೂರಬಾರದೇ?

ಕೊನೆಯ ವರ್ಷ ಅಜ್ಜಿ ಹಾಸಿಗೆ ಹಿಡಿದಿದ್ದಳು. ಗುರುಗಳು ಮನೆಗೇ ಪ್ರಸಾದ ತಂದರು. ನುಂಗಲು ಆಗುತ್ತಿರಲಿಲ್ಲ ಅಂತ ಪುಟ್ಟ ಒಸ್ತಿಯನ್ನೇ ಮುರಿದು, ಉಗುರಿನಷ್ಟು ಚೂರನ್ನು ನಾಲಿಗೆಯ ಮೇಲಿಟ್ಟರು. ಅಷ್ಟು ಚಿಕ್ಕ ಒಸ್ತಿಗೆ ಎಷ್ಟು ಸದ್ದು ಬಂದೀತು? ಅವಳ ಕಿವಿಯೂ ಆಗ ಮಂದವಾಗಿತ್ತು. ಆದರೂ ಅದು ಮುರಿಯುವ ಹೊತ್ತಿಗೆ ಸರಿಯಾಗಿ, ಮಲಗಿದ್ದಲ್ಲಿಂದಲೇ ಮೊಣಕೈಯಲ್ಲಿ ನನ್ನನ್ನು ತಿವಿದಳು.