ಮೈಲುತುತ್ತಿನ ಅಂಟು

2004ರಲ್ಲಿ ನಾನು ಕಾಸರಗೋಡು ಜಿಲ್ಲೆಯ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ನಮ್ಮ ಹುಡುಗರು ಯಾರೂ ಪುಸ್ತಕ ಮುಟ್ಟುವವರಲ್ಲ. ಆಡುವಾಗ ತುಳು, ಬಸ್ಸಿನಲ್ಲಿ ಮಲಯಾಳ, ಕನ್ನಡ ಅಂದರೆ ಪರೀಕ್ಷೆಗೆ ಮಾತ್ರ. ಜೂನ್ 19ಕ್ಕೆ ವಾಚನಾ ದಿನ. ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ದಿನ ಅದು. ಅಸೆಂಬ್ಲಿಯಲ್ಲಿ ಪ್ರತಿಜ್ಞೆ ಹೇಳಿ, ಹುಡುಗಿಯರು ಲೈಬ್ರರಿಗೆ, ನಾವು ಮಳೆಯಲ್ಲೇ ವಾಲಿಬಾಲಿಗೆ. ಓದಿನ ಟಿಪ್ಪಣಿ ಕೊಡಬೇಕಾದರೆ ಅವರದ್ದನ್ನೇ ನೋಡಿ ಬರೆಯುವುದು. ಟಿಪ್ಪಣಿ ಅಂದ ಕೂಡಲೇ ಕಥೆಪುಸ್ತಕವೂ ಪಾಠವಾಗಿಬಿಡುತ್ತದೆ, ಅಲ್ವಾ?

ಆ ಮಳೆಗಾಲ ಲೈಬ್ರರಿಯ ಒಂದು ಕಪಾಟಿಗೆ ಒರಲೆ, ಅಂದರೆ ಗೆದ್ದಲು, ಹಿಡಿಯಿತು. ಕನ್ನಡ ಮಾಸ್ಟ್ರು ಹಿಂದಿನ ಬೆಂಚಿನ ಐದು ಮಂದಿಯನ್ನು ಕರೆದರು. "ಓದಬೇಡಿ ಮಾರಾಯ್ರೆ. ಸುಮ್ನೆ ಬೈಂಡು ಮಾಡಿಕೊಡಿ."

ಮೈದಾ ಕಾಯಿಸಿ ಅಂಟು ಮಾಡಿದೆವು. ಒರಲೆ ಬಾರದಿರಲು ಅದಕ್ಕೆ ಚಿಟಿಕೆ ಮೈಲುತುತ್ತು, ಅಂದರೆ ನೀಲಿ ಬಣ್ಣದ ತಾಮ್ರದ ಸಲ್ಫೇಟು, ಬೇಕು ಎಂದರು. ಅದಕ್ಕೇನು ಬರ? ಅಡಿಕೆಗೆ ಕೊಳೆರೋಗದ ಔಷಧಿ ಬಿಡಲು ಮೈಲುತುತ್ತು, ಸುಣ್ಣ ಎಲ್ಲರ ಮನೆಯಲ್ಲೂ ಇರುತ್ತಿತ್ತು. ಕಾಗದದ ಪೊಟ್ಟಣದಲ್ಲಿ ತಂದೆವು. ಅಂಟು ತಿಳಿನೀಲಿಯಾಯಿತು, ನಮ್ಮ ಬೆರಳುಗಳೂ.

ತೊಂದರೆ ಶುರುವಾದದ್ದು ಆಮೇಲೆ. ಒರಲೆ ತಿಂದದ್ದು ಹೆಚ್ಚಾಗಿ ಅಂಚನ್ನು. ಪುಟದ ನಂಬರೇ ಇಲ್ಲ! ಒಂದು ಹಾಳೆಯ ಕೊನೆಯ ಸಾಲು ಓದಬೇಕು, ಅದಕ್ಕೆ ಕೂಡುವ ಮೊದಲ ಸಾಲು ಹುಡುಕಬೇಕು. "ಅವನು ಹೊಳೆಗೆ ಹಾರಿದ" ಎಂದು ಒಬ್ಬ ಕೂಗಿದರೆ ಉಳಿದವರು ಹೊಳೆ ಇರುವ ಹಾಳೆ ಹುಡುಕುವುದು. ಮಾಸ್ಟ್ರಿಗೆ ಇದು ಮೊದಲೇ ಗೊತ್ತಿತ್ತು ಎಂದು ನನಗೆ ಈಗಲೂ ಗುಮಾನಿ.

ಹಾಗೆ ಜೋಡಿಸಿದ್ದರಲ್ಲಿ ನಿರಂಜನರ 'ಚಿರಸ್ಮರಣೆ'ಯೂ ಇತ್ತು. ಕಯ್ಯೂರಿನ ರೈತರ ಹೋರಾಟದ ಕಾದಂಬರಿ. ನಮ್ಮಲ್ಲೊಬ್ಬನ ಅಕ್ಕನನ್ನು ಕೊಟ್ಟದ್ದು ಚೆರುವತ್ತೂರಿಗೆ. "ಅರೆ, ಕಯ್ಯೂರು ಅಲ್ಲೇ ಹತ್ತಿರ! ನಾನು ಹೋಗಿದ್ದೇನೆ" ಎಂದ. ಪುಸ್ತಕದಲ್ಲಿ ನಮ್ಮ ಜಿಲ್ಲೆ ಇರಬಹುದು ಎಂದು ನಾವು ಅಂದುಕೊಂಡೇ ಇರಲಿಲ್ಲ. 1943ರ ಮಾರ್ಚಿನಲ್ಲಿ ಕಣ್ಣೂರು ಜೈಲಿನಲ್ಲಿ ಆ ಹೋರಾಟದ ನಾಲ್ವರನ್ನು ಗಲ್ಲಿಗೇರಿಸಿದ್ದು ನಿಜವಾ ಎಂದು ಕೇಳಿದೆವು. ಮಾಸ್ಟ್ರು ಬರೀ ತಲೆ ಆಡಿಸಿದರು. ಅವತ್ತು ವಾಲಿಬಾಲಿಗೆ ಯಾರೂ ಹೋಗಲಿಲ್ಲ.

ಆದರೆ ಕೊನೆಯ ಹಾಳೆಗಳೇ ಇಲ್ಲ. ಪೂರ್ತಿ ಒರಲೆಯ ಪಾಲು. ನನಗೆ ಸಿಟ್ಟು ಬಂತು. ಅಕ್ಕ ಚೆರುವತ್ತೂರಿನಲ್ಲಿದ್ದವನಿಗೆ ಇನ್ನೂ ಜಾಸ್ತಿ. ಅವನು ಪೇಟೆಯ ವಾಚನಾಲಯದಲ್ಲಿ ಇನ್ನೊಂದು ಪ್ರತಿ ಹುಡುಕಿದ. ಅಲ್ಲಿ ಪುಸ್ತಕವೆಲ್ಲ ಮಲಯಾಳದ್ದು, ಕನ್ನಡಕ್ಕೆ ಒಂದೇ ಶೆಲ್ಫು. ಸಿಕ್ಕಿತು. ಝೆರಾಕ್ಸಿಗೆ ದುಡ್ಡಿಲ್ಲ. ಎರಡು ಶನಿವಾರ ಕೂತು, ಗೆರೆ ಹಾಳೆಯಲ್ಲಿ ಕೈಯಿಂದಲೇ ಬರೆದು ತಂದ. ಒಂದು ಪುಟ ಉಕ್ತಲೇಖನ ಕೊಟ್ಟರೆ ಹೊಟ್ಟೆನೋವು ಎನ್ನುತ್ತಿದ್ದ ಹುಡುಗ!

ಹೋದ ವರ್ಷ ಶಾಲೆಗೆ ಬಂದಾಗ ಆ ಪುಸ್ತಕ ತೆಗೆದು ನೋಡಿದೆ. ಬೆನ್ನಿನ ಅಂಟಿನಲ್ಲಿ ನೀಲಿ ಇನ್ನೂ ಇದೆ. ಗೆರೆ ಹಾಳೆಗಳೂ ಇವೆ. 'ಣ' ಬರಬೇಕಾದಲ್ಲೆಲ್ಲ ಅವನು 'ನ' ಬರೆದಿದ್ದಾನೆ. ಕೆಂಪು ಶಾಯಿ ಎಲ್ಲೂ ಇಲ್ಲ.