ವೇಲಾ ಪಲ್ಸಾರ್: ಮಿಡಿತ ಮಸುಕಾಗುವುದೆಲ್ಲಿ?

ಜೂನ್ ಬಂತೆಂದರೆ ಕಾರವಾರದಲ್ಲಿ ದೂರದರ್ಶಕ ಪೆಟ್ಟಿಗೆ ಸೇರುತ್ತದೆ. ಗಿರ್ರನೆ ತಿರುಗುತ್ತ ಗಾಮಾ ಕಿರಣದ ಮಿಡಿತ ಕಳಿಸುವ ನಕ್ಷತ್ರಶೇಷಗಳಾದ ಗಾಮಾ ಪಲ್ಸಾರ್‌ಗಳಿಗೆ ಈ ತಾಪತ್ರಯವಿಲ್ಲ. ಆ ಕಿರಣಗಳನ್ನು ವಾತಾವರಣವೇ ತಡೆಯುವುದರಿಂದ ಅಳತೆ ಬಹುತೇಕ ಬಾಹ್ಯಾಕಾಶದಲ್ಲಿ. 2008ರಲ್ಲಿ ಹಾರಿದ ಫರ್ಮಿ ಉಪಗ್ರಹದ ದತ್ತಾಂಶ ಎಲ್ಲರಿಗೂ ಉಚಿತ. ಶಿರಸಿಯಲ್ಲೋ ಕುಮಟಾದಲ್ಲೋ ಬಿಎಸ್ಸಿ ಓದುವವರು ಮಳೆಗಾಲದಲ್ಲಿ ಕೂತು ಅದರಲ್ಲಿ ಪಲ್ಸಾರ್‌ನ ಮಿಡಿತ ಹುಡುಕಬಹುದು.

ಮೊದಲಿಗೆ ವೇಲಾ ಒಳ್ಳೆಯದು. ಅದು ಸೆಕೆಂಡಿಗೆ ಸುಮಾರು 11 ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ 89 ಮಿಲಿಸೆಕೆಂಡು. ಅಷ್ಟು ಪ್ರಖರವಾಗಿದ್ದರೂ ಒಂದು ಗಾಮಾ ಫೋಟಾನ್ (ಕಿರಣದ ಕಣ) ಸಿಕ್ಕಿ ಇನ್ನೊಂದು ಸಿಗುವಷ್ಟರಲ್ಲಿ ಅದು ನೂರಾರು ಸುತ್ತು ಹಾಕಿರುತ್ತದೆ. ಹಾಗಾಗಿ ಪ್ರತಿ ಫೋಟಾನ್ ಸುತ್ತಿನ ಯಾವ ಭಾಗದಲ್ಲಿ ಬಂತೆಂದು ಲೆಕ್ಕಹಾಕಿ, ತಿಂಗಳುಗಟ್ಟಲೆ ಫೋಟಾನ್‌ಗಳನ್ನು ಒಂದೇ ಸುತ್ತಿನ ಮೇಲೆ ಮಡಚಬೇಕು. ಸರಿಯಾದರೆ ಎರಡು ಚೂಪು ಶಿಖರ, ನಡುವೆ 0.43 ಸುತ್ತಿನ ಅಂತರ.

100 ಎಂಇವಿಗಿಂತ (ಎಂಇವಿ ಎಂದರೆ ಶಕ್ತಿಯ ಅಳತೆ) ಮೇಲಿನ ಫೋಟಾನ್‌ಗಳನ್ನು ಆರಿಸಿ. ಭೂಮಿಯ ಅಂಚಿನಿಂದ ಬರುವ ಗಾಮಾ ಕಿರಣ ನುಸುಳದಂತೆ ಶಿರೋಬಿಂದುವಿನಿಂದ 90 ಡಿಗ್ರಿಗೆ ಮಿತಿ ಹಾಕಿ. ಫರ್ಮಿ ತಂತ್ರಾಂಶದಲ್ಲಿ ಫೋಟಾನ್ ಆರಿಸುವ ಜಿಟಿಸೆಲೆಕ್ಟ್, ಒಳ್ಳೆಯ ಅವಧಿ ಆರಿಸುವ ಜಿಟಿಎಂಕೆಟೈಮ್ ಮುಗಿದ ಮೇಲೆಯೇ ಸಮಯ ತಿದ್ದುವ ಜಿಟಿಬೇರಿ, ಅದೂ ಕಡತದ ನಕಲಿನ ಮೇಲೆ. ಒಮ್ಮೆ ಸಮಯ ಬದಲಾದ ಕಡತ ಉಪಗ್ರಹದ ಸ್ಥಾನದ ಕಡತದೊಂದಿಗೆ ತಾಳೆಯಾಗುವುದಿಲ್ಲ. ಮಳೆಗೆ ಕರೆಂಟ್ ಹೋಗಿ ಆ ಸ್ಥಾನದ ಕಡತದ ಡೌನ್‌ಲೋಡ್ ಅರ್ಧಕ್ಕೆ ನಿಂತಿದ್ದರೂ ಜಿಟಿಬೇರಿ ಕೈಕೊಡುತ್ತದೆ. ಮೊದಲು ಕಡತದ ಗಾತ್ರ ನೋಡಿಕೊಳ್ಳಿ.

ಜಿಟಿಬೇರಿ ಮಾಡುವುದು ಒಂದೇ ಕೆಲಸ: ಫೋಟಾನ್ ಸೌರಮಂಡಲದ ದ್ರವ್ಯಕೇಂದ್ರಕ್ಕೆ ಎಷ್ಟು ಹೊತ್ತಿಗೆ ತಲುಪುತ್ತಿತ್ತೆಂದು ಹೇಳುವುದು. ಭೂಮಿ ಸೂರ್ಯನನ್ನು ಸುತ್ತುವುದರಿಂದ ವೇಲಾದ ಮಿಡಿತ ವರ್ಷದಲ್ಲಿ ಸುಮಾರು ನಾಲ್ಕು ನಿಮಿಷ ಮೊದಲೋ ತಡವಾಗಿಯೋ ಬರುತ್ತದೆ. 89 ಮಿಲಿಸೆಕೆಂಡಿನ ಮುಂದೆ ಅದು ದೊಡ್ಡ ಮೊತ್ತ. ಪಲ್ಸಾರ್‌ನ ಸ್ಥಾನವನ್ನು ಬರೀ 10 ಆರ್ಕ್‌ಸೆಕೆಂಡು (ಒಂದು ಆರ್ಕ್‌ಸೆಕೆಂಡು ಎಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ತಪ್ಪಾಗಿ ಕೊಟ್ಟರೂ 20 ಮಿಲಿಸೆಕೆಂಡಿಗಿಂತ ಹೆಚ್ಚು ಎಡವಟ್ಟು.

ಶಿಖರ ಮಸುಕಾದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಡಿ. ಅಡ್ಡಕ್ಕೆ ಹಂತ (ಸುತ್ತಿನ ಯಾವ ಭಾಗ ಎಂಬುದು), ಉದ್ದಕ್ಕೆ ದಿನಾಂಕ ಇಟ್ಟು ಫೋಟಾನ್‌ಗಳನ್ನು ಚುಕ್ಕಿಯಾಗಿ ಹಾಕಿ. ನೆಟ್ಟಗೆ ಎರಡು ಪಟ್ಟಿ ಕಂಡರೆ ಎಲ್ಲ ಸರಿ. ಪಟ್ಟಿ ಓರೆಯಾದರೆ ನೀವು ಕೊಟ್ಟ ಆವರ್ತನ (ಸೆಕೆಂಡಿಗೆ ಎಷ್ಟು ಸುತ್ತು) ತಪ್ಪು, ಬಿಲ್ಲಿನಂತೆ ಬಾಗಿದರೆ ನಿಧಾನವಾಗುವ ದರ ತಪ್ಪು, ವರ್ಷಕ್ಕೊಂದು ಅಲೆ ಎದ್ದರೆ ಸ್ಥಾನ ತಪ್ಪು. ಒಂದು ದಿನದಿಂದ ಥಟ್ಟನೆ ಮುರಿದು ಓರೆಯಾದರೆ ತಪ್ಪು ನಿಮ್ಮದಲ್ಲ, ವೇಲಾವೇ ಗ್ಲಿಚ್ ಆಗಿ ಚುರುಕಾಗಿದೆ. 2016ರ ಡಿಸೆಂಬರ್ 12ರ ಗ್ಲಿಚ್‌ನಲ್ಲಿ ಆವರ್ತನ ಹತ್ತು ಲಕ್ಷದಲ್ಲಿ 1.4 ಪಾಲು ಏರಿತು. ಹಳೆಯ ಲೆಕ್ಕವನ್ನೇ ಹಿಡಿದುಕೊಂಡಿದ್ದರೆ ಒಂದೇ ದಿನಕ್ಕೆ ಒಂದು ಸುತ್ತಿಗಿಂತ ಹೆಚ್ಚು ಹೊರಳುತ್ತದೆ.

ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ಕ್ಷ-ಕಿರಣ ದತ್ತಾಂಶ ಎತ್ತಿಕೊಳ್ಳುವವರು ವೇಲಾ ಬಿಟ್ಟು ಕ್ರ್ಯಾಬ್ ಪಲ್ಸಾರ್ ಹಿಡಿಯಿರಿ. ಕ್ಷ-ಕಿರಣದಲ್ಲಿ ವೇಲಾದ ಮಿಡಿತ ಕ್ಷೀಣ.