ತಳದ ನೀರಿನ ದಾರಿ

ರಾಯಚೂರಿನ ಈ ಬಿಸಿಲಲ್ಲಿ ಮನೆಯೊಳಗೆ ಕೂತು ಸಮುದ್ರದ ಆಳದ ಪ್ರವಾಹಗಳ ಬಗ್ಗೆ ಓದುತ್ತಿದ್ದೇನೆ, ಬಿಡೋಕೆ ಮನಸ್ಸೇ ಬರುತ್ತಿಲ್ಲ. ಗ್ರೀನ್‌ಲ್ಯಾಂಡ್ ಸುತ್ತಮುತ್ತ ತಣ್ಣಗಾದ ಉಪ್ಪುನೀರು ಭಾರವಾಗಿ ಕೆಳಗಿಳಿದು ದಕ್ಷಿಣಕ್ಕೆ ಹೊರಡುತ್ತದೆ. ಅದು ಅಟ್ಲಾಂಟಿಕ್‌ನ ಪಶ್ಚಿಮ ಅಂಚು ಹಿಡಿದು ಸಾಗುತ್ತದೆ ಅಂತ ಅಮೆರಿಕದ ಸಾಗರ ವಿಜ್ಞಾನಿ ಹೆನ್ರಿ ಸ್ಟಾಮೆಲ್ ಬರೀ ಲೆಕ್ಕದಿಂದಲೇ ಹೇಳಿದ್ದರು, 1957ರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ಸ್ವಾಲೋ ಅವರ, ಆಳದ ನೀರಿನ ಜೊತೆ ತೇಲಿ ಹೋಗುವ ಫ್ಲೋಟ್‌ಗಳು ಅಮೆರಿಕದ ಪೂರ್ವ ತೀರದ ಬೆಚ್ಚನೆಯ ಪ್ರವಾಹವಾದ ಗಲ್ಫ್ ಸ್ಟ್ರೀಮ್ ಕೆಳಗೆ ಹಾಗೆ ಹರಿಯುವ ನೀರನ್ನು ನಿಜಕ್ಕೂ ತೋರಿಸಿದವು. ಆದರೆ 2009ರ ಒಂದು ಅಧ್ಯಯನ ನೋಡಿದರೆ, ಬಿಟ್ಟ ಫ್ಲೋಟ್‌ಗಳಲ್ಲಿ ಹೆಚ್ಚಿನವು ಅಂಚು ಬಿಟ್ಟು ಸಾಗರದ ನಡುವಿಗೇ ಹೋಗಿದ್ದವು! ಅಲ್ಲಿನ ಸುಳಿಗಳನ್ನು ಕಂಪ್ಯೂಟರ್ ಮಾಡೆಲ್ ಹಿಡಿಯಬೇಕಾದರೆ ಅದು ಸಾಗರವನ್ನು ಭಾಗ ಮಾಡಿಕೊಳ್ಳುವ ಚೌಕಗಳು ತುಂಬಾ ಸಣ್ಣವಿರಬೇಕು, ಆಗ ಕಂಪ್ಯೂಟರ್ ಕೆಲಸ ವಿಪರೀತ ಜಾಸ್ತಿ. ಹಿಂದೂ ಮಹಾಸಾಗರಕ್ಕೆ ಆರ್ಗೋ ಫ್ಲೋಟ್ (ನೀರಿನ ಬಿಸಿ, ಉಪ್ಪು ಅಳೆಯುವ ಫ್ಲೋಟ್) ಬಿಡುವ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್ ಇರೋದು ಇಲ್ಲೇ ಹೈದರಾಬಾದಿನಲ್ಲಿ. ಸೈನ್ಸ್ ಓದುವ ನಮ್ಮೂರ ಮಕ್ಕಳು ಈ ಕೆಲಸಕ್ಕೆ ಹೋಗಲಿ ಅಂತ ತುಂಬಾ ಆಸೆ.